ಕಾಣದ ಕುಂಕುಮ

ಇವತ್ತು ದೇವರ ಗೂಡು ಒರೆಸುವಾಗ ಹಳೆಯ ಕುಂಕುಮದ ಭರಣಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಅದೇ ವಾಸನೆ... ಟೈಲರಕ್ಕ ಕಣ್ಣ ಮುಂದೆ ಬಂದರು. ನ್ಯಾಮತಿಯಲ್ಲಿ ನಮ್ಮ ಎದುರು ಮನೆಯವರು. ರವಿಕೆ ಹೊಲಿದು ಬದುಕುತ್ತಿದ್ದರು.

ಹಗಲಲ್ಲಿ ಅವರ ಕಣ್ಣು ಎಂಥದ್ದು ಅಂತೀರಿ! ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವರು. ಹತ್ತು ಹಸಿರುಗಳ ನಡುವೆ ನಮ್ಮ ಸೀರೆಯ ಹಸಿರನ್ನೇ ಹೆಕ್ಕಿ ತೆಗೆಯುವರು. ನಾನು ಮೋಸಹೋದದ್ದೂ ಅದಕ್ಕೇ.

ಒಂದು ಶುಕ್ರವಾರ ಮುಸ್ಸಂಜೆ ರವಿಕೆ ಕೊಡಲು ಬಂದಿದ್ದರು. ಮನೆಗೆ ಬಂದ ಹೆಣ್ಣನ್ನು ಕುಂಕುಮ ಕೊಡದೆ ಕಳಿಸುವುದುಂಟೇ? ಹೊರಟು ನಿಂತವರ ಪಕ್ಕಕ್ಕೆ ಭರಣಿ ಹಿಡಿದೆ. ಬಾಯಿಬಿಟ್ಟು ಕರೆಯಲಿಲ್ಲ. ಅವರು ಇತ್ತ ತಿರುಗಲೂ ಇಲ್ಲ, ನೆಟ್ಟಗೆ ಮೆಟ್ಟಿಲಿಳಿದು ಹೋದರು. ಜಗಲಿಯಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಎಷ್ಟು ಸೊಕ್ಕು ನೋಡ್ರಿ, ಕುಂಕುಮ ಬ್ಯಾಡಂತೆ!" ಎಂದು ಓಣಿಗೆಲ್ಲ ಸಾರಿದವಳು ನಾನೇ. ಅವರೊಂದಿಗೆ ಮಾತು ಬಿಟ್ಟೆ.

ತಿಂಗಳೊಪ್ಪತ್ತಿನಲ್ಲಿ ಚರಂಡಿ ರಿಪೇರಿಗೆಂದು ನಮ್ಮ ಮನೆ ಮುಂದಿನ ಚಪ್ಪಡಿ ತೆಗೆದಿದ್ದರು. ಸಂಜೆ ಗೇಟಿನ ಬಳಿ ನಿಂತಿದ್ದೆ. ಅಂಗಡಿಯಿಂದ ಬರುತ್ತಿದ್ದ ಟೈಲರಕ್ಕ ನನ್ನ ಬಳೆ ಸದ್ದಿಗೆ ತಡೆದು ನಿಂತು, "ಯಾರ್ರೀ ಅಲ್ಲಿ?" ಎಂದರು. ಎದುರಿಗೇ ನಿಂತವಳನ್ನು ಯಾರು ಅಂತ ಕೇಳುತ್ತಾಳಲ್ಲ ಎಂದು ನನ್ನ ಮೈ ಉರಿಯಿತು. ತುಟಿ ಬಿಚ್ಚಲಿಲ್ಲ. ಅವರು ಎರಡು ಹೆಜ್ಜೆ ಇಟ್ಟು ಚರಂಡಿಗೆ ಬಿದ್ದರು. ಬಲಗೈ ಮುರಿಯಿತು, ಹೊಲಿಗೆ ಮಶೀನು ನಿಂತಿತು. ಹೊನ್ನಾಳಿಯಿಂದ ಅವರ ತಂಗಿ ಬಂದು ಕರೆದೊಯ್ದಳು...

ವರ್ಷಗಳು ಕಳೆದವು. ಹೋದ ತಿಂಗಳು ತಮ್ಮನನ್ನು ದಾವಣಗೆರೆಗೆ ಕಣ್ಣು ತೋರಿಸಲು ಕರೆದೊಯ್ದಿದ್ದೆ. ಸಂಜೆಯಾದರೆ ಅವನು ಎಡವುತ್ತಿದ್ದ. ಡಾಕ್ಟರು ಬಿಡಿಸಿ ಹೇಳಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ಬೆಳಕು ಹಿಡಿಯುವ ಜೀವಕೋಶಗಳು ಎರಡು ಬಗೆಯಂತೆ. ಶಂಕುವಿನಂಥವು ಹಗಲಿಗೆ, ಬಣ್ಣಕ್ಕೆ. ಕಡ್ಡಿಯಂಥವು ಮಬ್ಬು ಬೆಳಕಿಗೆ. ಈ ಕಾಯಿಲೆಯಲ್ಲಿ ಕಡ್ಡಿಯಂಥವು ಮೊದಲು ಸಾಯುತ್ತವೆ. ಆಗ ಮುಸ್ಸಂಜೆ ಕಾಣುವುದಿಲ್ಲ, ಆಮೇಲೆ ಪಕ್ಕದಲ್ಲಿರುವುದೂ ಕಾಣುವುದಿಲ್ಲ. ಹಗಲಲ್ಲಿ, ನೇರ ಎದುರಿಗಿರುವ ಸೂಜಿ ಮಾತ್ರ ಬಹಳ ಕಾಲ ಕಾಣುತ್ತಿರುತ್ತದೆ.

ಮರುದಿನವೇ ಹೊನ್ನಾಳಿ ಬಸ್ಸು ಹತ್ತಿದೆ. ಟೈಲರಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು.

"ಸಂಜೆ ಆದ್ರೆ ಅಕ್ಕಗೆ ಏನೂ ಕಾಣ್ತಿರ್ಲಿಲ್ರಿ," ಎಂದಳು ತಂಗಿ. "ಗೊತ್ತಾದ್ರೆ ಬಟ್ಟೆ ಕೊಡಾಕೆ ಜನ ಹಿಂದೆಮುಂದೆ ನೋಡ್ತಾರಂತ ಯಾರಿಗೂ ಹೇಳ್ಲಿಲ್ಲ. ಬಿದ್ದ ದಿನ ಅಲ್ಲಿ ಯಾರೋ ಇದ್ರಂತೆ, ಬಳೆ ಸದ್ದು ಕೇಳ್ತಂತೆ. 'ಪಾಪ, ಅವ್ರಿಗೂ ನನ್ನಂಗೆ ಕಾಣ್ತಿರ್ಲಿಲ್ವೇನೋ' ಅಂತಿದ್ಲು."

ಅದು ನಾನೇ ಎಂದು ಹೇಳಲೆಂದೇ ಹೋಗಿದ್ದೆ. ಹೇಳದೆಯೇ ಎದ್ದೆ. ಹೊರಡುವಾಗ ಅವಳು ಕುಂಕುಮ ಹಿಡಿದು, "ತಗೋರಿ" ಎಂದಳು. ತಲೆ ತಗ್ಗಿಸಿ ಇಟ್ಟುಕೊಂಡು ಬಂದೆ.

ಭರಣಿಯ ಮುಚ್ಚಳ ಹಾಕಿದೆ. ಹೊರಗೆ ಸಂಜೆಯಾಗುತ್ತಿದೆ... "ನಾನ್ರೀ ಅಕ್ಕಾ, ಅಲ್ಲೇ ನಿಲ್ರಿ." ಇಷ್ಟು ಅಂದಿದ್ದರೆ ಸಾಕಿತ್ತು.