ಕಾಳುಮೆಣಸಿನ ಊರಿನಲ್ಲಿ ನನ್ನ ಅಕ್ಕ

ನಮ್ಮ ಕರಾವಳಿಯ ಬಜ್ಪೆಯಿಂದ ವಿಮಾನ ಏರಿದಾಗ ಜನವರಿಯ ಒಣ ಬಿಸಿಲು. ಮುಂಬೈ, ದೋಹಾ, ಸಾವೊ ಪಾವ್ಲೊ ದಾಟಿ ಬ್ರೆಜಿಲ್‌ನ ಬೆಲೆಂ ನಗರದಲ್ಲಿ ಇಳಿದಾಗ ನಮ್ಮ ಜುಲೈಯಂಥ ಜಡಿಮಳೆ. ಕುವೈತಿನಲ್ಲಿ ನರ್ಸ್ ಆಗಿದ್ದ ನನಗೆ ವಿಮಾನ ನಿಲ್ದಾಣಗಳು ಹೊಸತಲ್ಲ. ಆದರೂ ಈ ಸಲ ಮೊದಲಿನಿಂದಲೇ ದಿಕ್ಕು ತಪ್ಪಿದ ಹಾಗಿತ್ತು.

ಅಮೆಜಾನ್ ಕಾಡಿನ ಸೀಮೆಯಲ್ಲಿ, ಬೇಸಾಯವನ್ನೇ ನಂಬಿದ ಒಂದು ಸಣ್ಣ ಪುರಸಭೆಯ ಊರಿಗೆ ನನ್ನ ಅಕ್ಕ ಸೆಲಿನ್ ಕಾನ್ವೆಂಟಿನ ಸಿಸ್ಟರ್ ಆಗಿ ಸೇವೆಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಊರಿಗೆ ಬಾ ಎಂದರೆ ಏನಾದರೊಂದು ನೆವ ಹೇಳುತ್ತಿದ್ದಳು. ಇತ್ತೀಚೆಗೆ ವಿಡಿಯೊ ಕಾಲಿಗೂ ಬರುತ್ತಿರಲಿಲ್ಲ. ಕೊನೆಗೆ ಮಮ್ಮಿ, ನೀನೇ ಹೋಗಿ ನೋಡಿಕೊಂಡು ಬಾ ಎಂದು ನನ್ನನ್ನು ಹೊರಡಿಸಿದಳು.

ಬೆಲೆಂನಿಂದ ಬಸ್ಸು. ಹೊಳೆ ಸಿಕ್ಕಿದಲ್ಲಿ ಬಸ್ಸನ್ನೇ ಬಾರ್ಜಿಗೆ ಹತ್ತಿಸಿದರು. ಮಳೆ ಒಳಗೆ ಎರಚಿದಾಗ ಪಕ್ಕದ ಹೆಂಗಸು ತನ್ನ ಭಾಷೆಯಲ್ಲಿ 'ಜನೇಲಾ' ಎಂದಳು. ನಾನು ತಟ್ಟನೆ ಕಿಟಕಿ ಮುಚ್ಚಿದೆ. ನಮ್ಮ ಕೊಂಕಣಿಯಲ್ಲೂ ಕಿಟಕಿಗೆ ಜನೆಲ್ ಎಂದೇ ಹೇಳುವುದು. ಖುಷಿಯಾಗಿ ಕೊಂಕಣಿಯಲ್ಲೇ ಮಾತಿಗಿಳಿದೆ. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಹೊರಗೆ ಕಾಡು ಮುಗಿದು ಗೇರು, ಮರಗೆಣಸು, ಕಾಳುಮೆಣಸಿನ ತೋಟಗಳು ಶುರುವಾದವು. ಬಳ್ಳಿಗಳು ಮಾತ್ರ ಮರಕ್ಕಲ್ಲ, ನೆಟ್ಟ ಗೂಟಗಳಿಗೆ ಹಬ್ಬಿದ್ದವು. ಊರು ನಮ್ಮದೂ ಹೌದು, ಅಲ್ಲವೂ ಹೌದು.

ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ಉಡುಪಿನ ಸಿಸ್ಟರ್‌ಗಾಗಿ ಕಣ್ಣಾಡಿಸುತ್ತಿದ್ದೆ. ಪ್ಯಾಂಟು ತೊಟ್ಟು, ಕೆಸರು ಮೆತ್ತಿದ ಬೂಟು ಹಾಕಿದ್ದ ಹೆಂಗಸೊಬ್ಬಳು ನನ್ನ ಹೆಸರು ಕರೆದಳು. ಅಕ್ಕ. ಜೊತೆಗಿದ್ದ ನರೆಗೂದಲಿನ ಗಂಡಸು ನನ್ನ ಬ್ಯಾಗು ಎತ್ತಿಕೊಂಡ. ಡ್ರೈವರ್ ಇರಬೇಕು ಎಂದುಕೊಂಡೆ. ತೋಟದ ನಡುವಿನ ಮನೆ ತಲುಪಿದ ಮೇಲೆ ಅವನೂ ಒಳಗೆ ಬಂದು ಅನ್ನಕ್ಕೆ ನೀರಿಟ್ಟ. ಆಗಲೂ ನನ್ನ ತಲೆಗೆ ಹೋಗಲಿಲ್ಲ.

"ಲವೀನಾ, ಇದು ಕಾನ್ವೆಂಟ್ ಅಲ್ಲ. ಇವರು ನನ್ನ ಗಂಡ," ಎಂದಳು ಅಕ್ಕ.

ಕ್ರಮ ಪ್ರಕಾರವೇ ಅನುಮತಿ ಪಡೆದು ಕಾನ್ವೆಂಟಿನಿಂದ ಹೊರಗೆ ಬಂದಿದ್ದಳಂತೆ, ಇಗರ್ಜಿಯಲ್ಲೇ ಪಾದ್ರಿಯ ಮುಂದೆ ಮದುವೆಯಾಗಿದ್ದಳಂತೆ. ಮಮ್ಮಿಗೆ ತಿಳಿಸಲು ಮಾತ್ರ ಧೈರ್ಯ ಬಂದಿರಲಿಲ್ಲ. ಸಿಟ್ಟು ಮಾಡಬೇಕೋ, ತಬ್ಬಿಕೊಳ್ಳಬೇಕೋ ತಿಳಿಯದೆ ನಾನು ಬಡಿಸಿದ ಮೀನು, ಮರಗೆಣಸಿನ ಹುರಿದ ಹಿಟ್ಟು ತಿನ್ನುತ್ತಾ ಕುಳಿತೆ.

ಒಂದು ವಾರ ಇದ್ದೆ. ಅಕ್ಕ ಬೆಳಿಗ್ಗೆ ಮೆಣಸಿನ ಬಳ್ಳಿಗಳನ್ನು ಗೂಟಕ್ಕೆ ಕಟ್ಟುತ್ತಿದ್ದಳು, ಮಧ್ಯಾಹ್ನ ಮಳೆ ಶುರುವಾದರೆ ನಗುತ್ತಾ ಓಡಿ ಬರುತ್ತಿದ್ದಳು. ಅವಳು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ. ಸಂತೆಯಲ್ಲಿ ಜನ ಅವಳನ್ನು ಈಗಲೂ 'ಇರ್ಮಾ' ಎಂದೇ ಕರೆಯುತ್ತಿದ್ದರು, ಅಂದರೆ ಸಿಸ್ಟರ್. ಹಾಗಾದರೆ ಇವಳು ಯಾರು?

ಹೊರಡುವ ದಿನ ಬಸ್ಸಿನ ಹತ್ತಿರ ಕೇಳಿದಳು: "ಮಮ್ಮಿ ಹತ್ರ ಎಂತ ಹೇಳ್ತಿ?"

"ನಂಗೆ ಗೊತ್ತಿಲ್ಲ ಮಾರಾಯ್ತಿ," ಎಂದೆ.

ಹೇಳಬೇಡ ಎಂದು ಅವಳು ಅನ್ನಲಿಲ್ಲ. ಬಸ್ಸು ತಿರುಗುವವರೆಗೂ ಗಂಡ ಹೆಂಡತಿ ಇಬ್ಬರೂ ಮಳೆಯಲ್ಲೇ ನಿಂತಿದ್ದರು.

ವಿಮಾನದಲ್ಲಿ ನಾಲ್ಕಾರು ಉತ್ತರ ಕಟ್ಟಿದೆ, ಎಲ್ಲವನ್ನೂ ಕೆಡವಿದೆ. ಬಿಜೈಯ ನಮ್ಮ ಮನೆಯಲ್ಲಿ ಮಮ್ಮಿ ಮೆಟ್ಟಿಲಲ್ಲೇ ಕುಳಿತಿದ್ದಳು. ಕಾನ್ವೆಂಟಿನ ವಿಷಯ ಎತ್ತಲೇ ಇಲ್ಲ.

"ಅವಳು ಖುಷಿಯಲ್ಲಿ ಇದ್ದಾಳಾ?" ಎಂದಳು.

"ಹೌದು ಮಮ್ಮಿ."

"ಸಾಕು," ಎಂದು ಎದ್ದು ನನಗೆ ಚಹಾ ಇಡಲು ಒಳಗೆ ಹೋದಳು. ಅವಳಿಗೆ ಮೊದಲೇ ಗೊತ್ತಿತ್ತೋ ಏನೋ, ನನಗೆ ಇವತ್ತಿಗೂ ತಿಳಿದಿಲ್ಲ.