ಸೋತ ಮರುದಿನ

ಗಂಗಾವತಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅವರನ್ನು ಓಣಿಯವರೆಲ್ಲ ಚಾಚಿ ಎಂದೇ ಕರೆಯುತ್ತಿದ್ದೆವು. ನಳಕ್ಕೆ ನೀರು ಬರಲಿಲ್ಲವೆಂದರೆ ಸಾಕು, ಸೆರಗನ್ನು ತಲೆಯ ಮೇಲೆಳೆದು ಸೊಂಟಕ್ಕೆ ಸಿಕ್ಕಿಸಿ, ಮನೆ ಮನೆಯ ಬಾಗಿಲು ತಟ್ಟುತ್ತ ಹೊರಡುತ್ತಿದ್ದರು.

"ಬರ್ರಿ, ಕೇಳಿ ಬರೂಣು. ಕೇಳಿದ್ರ ಬಾಯೇನ್ ಬಿದ್ದು ಹೋಗೂದಿಲ್ಲ."

ಅವರ ಹಿಂದೆ ನಾವೂ ನಗರಸಭೆಗೆ ಹೋಗುತ್ತಿದ್ದೆವು.

ಒಮ್ಮೆ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ನಾವೇ ಒತ್ತಾಯಿಸಿ ಚಾಚಿಯನ್ನು ಚುನಾವಣೆಗೆ ನಿಲ್ಲಿಸಿದೆವು. ಅವರು ಸೋತರು. ನಮ್ಮ ಓಣಿಯವರೇ ಕೆಲವರು ಅವರಿಗೆ ವೋಟು ಹಾಕಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮಲ್ಲಿಗೆ ಮಾಲೆ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಗೆದ್ದಾಕಿ ಮನಿಗೆ ಹೋಗೂಣು ಬರ್ರಿ."

"ಸೋತೀರಲ್ರಿ ಚಾಚಿ, ಇನ್ನ್ಯಾಕ?" ಎಂದಳು ಅವ್ವ.

"ಸೋತಾಕಿ ನಾನ್ರಿ. ಗಟಾರ ಹಂಗ ತುಂಬಿ ನಿಂತೈತಲ್ಲ."

ಗೆದ್ದವಳ ಕೊರಳಿಗೆ ಮಾಲೆ ಹಾಕಿ, ಹಿಡಿದ ಕೈ ಬಿಡದೆ, ಮಾತಾಡುತ್ತ ಮಾತಾಡುತ್ತ ಆಕೆಯನ್ನು ನಮ್ಮ ಗಟಾರದ ತನಕ ನಡೆಸಿಕೊಂಡು ಬಂದರು. ಮಳೆಗಾಲ ಶುರುವಾಗುವ ಮೊದಲೇ ಆಕೆಯಿಂದ ಹೊಸ ಗಟಾರ ಕಟ್ಟಿಸಿದರು.

ಆಮೇಲೆ ಚಾಚಿಯ ಗಂಡನಿಗೆ ಯಲಬುರ್ಗಾಕ್ಕೆ ವರ್ಗವಾಯಿತು. ಚಾಚಿ ಬಸ್ಸು ಹತ್ತುವಾಗ ಅವ್ವ ಕಣ್ಣೊರೆಸಿಕೊಂಡರೆ, "ಕೇಳಾಕ ನೀವೆಲ್ಲಾ ಅದೀರಲ್ರಿ" ಎಂದು ನಕ್ಕರು.

ಮೊನ್ನೆ ನಳದಲ್ಲಿ ಕೆಸರು ನೀರು ಬಂತು. ಕೊಡ ಹಿಡಿದು ಹೊರಗೆ ಬಂದ ನಾವೆಲ್ಲ, ಯಾರೂ ಹೇಳದೆಯೇ, ಎದುರು ಮನೆಯ ಕಡೆ ನೋಡುತ್ತ ನಿಂತೆವು. ಬಾಡಿಗೆಗೆ ಹೊಸದಾಗಿ ಬಂದ ಹೆಣ್ಣುಮಗಳು ಬಾಗಿಲು ತೆರೆದು ಗಾಬರಿಯಿಂದ ಕೇಳಿದಳು:

"ಯಾರ್ ಬೇಕಾಗಿತ್ರಿ?"