ಎಲ್ಲರಿಗೂ ಮಾಡುವ ಪರೀಕ್ಷೆ

ಚಾಮರಾಜನಗರದ ಆಸ್ಪತ್ರೆಯೊಂದರ ತುರ್ತು ಘಟಕದಲ್ಲಿ, ಕಿರಿಯ ವೈದ್ಯರು ಯಾವ ಪರೀಕ್ಷೆಯನ್ನು ಏಕೆ ಬಿಡುತ್ತಾರೆ ಎಂಬ ಅಧ್ಯಯನಕ್ಕೆ ಕೂತಿದ್ದಾಗ ಆ ಡಾಕ್ಟರಮ್ಮನನ್ನು ಕಂಡೆ. ಹರಿದ ಪರದೆಯನ್ನು ತಮ್ಮ ತಲೆಯ ಕ್ಲಿಪ್ಪಿನಿಂದ ಮುಚ್ಚುತ್ತಿದ್ದರು. ಹೊಟ್ಟೆನೋವೆಂದು ಬಂದ ಹೆಂಗಸರಿಗೆಲ್ಲ ಗರ್ಭಪರೀಕ್ಷೆ. “ಎಲ್ರಿಗೂ ಮಾಡದು ಕಣವ್ವ” ಎನ್ನುತ್ತಿದ್ದರು.

ಒಮ್ಮೆ ಹರದನಹಳ್ಳಿಯ ಕಡೆಯಿಂದ ಹೊಟ್ಟೆನೋವಿನ ಸೊಸೆಯನ್ನು ಅತ್ತೆ ಕರೆತಂದಳು. ವಿಧವೆಯೆಂದು ಕಿರಿಯ ವೈದ್ಯ ಆ ಪರೀಕ್ಷೆಯನ್ನು ಬಿಟ್ಟಿದ್ದ. ಡಾಕ್ಟರಮ್ಮ ಬರೆಸಿದರು.

“ಗಂಡ ಓಗಿ ಎಷ್ಟೊರ್ಸ ಆಯ್ತು! ಏನಂತ ಮಾತಾಡ್ಬುಟ್ಟೆ?” ಅತ್ತೆ ಸಿಡಿದಳು.

“ಎಲ್ರಿಗೂ ಮಾಡದು. ನೀ ಹೊಟ್ಟೆನೋವು ಅಂದ್ರೆ ನಿಂಗೂವೆ.”

“ಬಾಯಲ್ಲಿ ಒಂದ್ ಹಲ್ಲಿಲ್ಲ, ನಂಗಾ ಕಣಮ್ಮಿ?” ಎಂದು ಮುದುಕಿ ನಗುತ್ತ ಆಚೆ ಹೋದಳು.

ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿದವು. ಗರ್ಭವು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತು ಒಡೆದಿದೆಯೆಂದು ಸ್ಕ್ಯಾನಿನಲ್ಲಿ ತಿಳಿಯಿತು. “ಒಳಗೆ ರಕ್ತ ಸೋರ್ತಾ ಅದೆ, ಈಗ್ಲೇ ಆಪರೇಷನ್ ಆಗ್ಬೇಕು” ಎಂದಷ್ಟೇ ಡಾಕ್ಟರಮ್ಮ ಅತ್ತೆಗೆ ಹೇಳಿದರು.

ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

“ಸೆರಗು ತಗಿ ನನ್ನವ್ವ, ಕಣ್ಣು ಬೆಳ್ಳಗಾಗಿದ್ದಾವಾ ನೋಡ್ಬೇಕು.”

ತೆಗೆದಳು. ಡಾಕ್ಟರಮ್ಮ ಅವಳ ರೆಪ್ಪೆಯನ್ನು ಕೆಳಗೆಳೆದು ನೋಡಿದರು. ನಾನು ನೋಡಿದ್ದು ಅವಳ ಬರಿ ಕೊರಳನ್ನು.

ಅವಳು ಬದುಕಿದಳು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಉಳಿದದ್ದನ್ನು ಅದು ತಿದ್ದಿರಬಹುದು. ಆದರೆ ಆಗ ನನ್ನ ಕಣ್ಣು ಎಲ್ಲಿದೆಯೆಂದು ಕಂಡು ಅವಳು ಮತ್ತೆ ಸೆರಗೆಳೆದುಕೊಂಡದ್ದು ಮಾತ್ರ ನಿಜ.